ಬೈಪೋಲಾರ್ ಕಾಯಿಲೆ ಇರುವವರ ದಿನನಿತ್ಯದ ಕೆಲಸ ಏಕೆ ಏರುಪೇರಾಗುತ್ತದೆ?

ಉನ್ಮಾದ ಮತ್ತು ಖಿನ್ನತೆಯ ಅವಧಿಗಳು ಬಂದುಹೋಗುವ ಈ ಮಾನಸಿಕ ಕಾಯಿಲೆಯಲ್ಲಿ ಮನಸ್ಸಿನ ಭಾವನೆಯೊಂದೇ ಅಲ್ಲ, ನಿದ್ರೆ, ಮೈಯ ಚೈತನ್ಯ, ಗಮನ ಮತ್ತು ವಿವೇಚನೆಗಳೂ ಒಟ್ಟಿಗೇ ಏರಿಳಿಯುವುದರಿಂದ, ಕಳೆದ ತಿಂಗಳು ಸಲೀಸಾಗಿದ್ದ ಕೆಲಸವೇ ಈ ತಿಂಗಳು ಕೈಗೆ ಹತ್ತದಂತಾಗುತ್ತದೆ.

ಇಳಕಲ್ಲಿನ ಒಬ್ಬ ನೇಕಾರನನ್ನು ಊಹಿಸಿಕೊಳ್ಳಿ. ಉನ್ಮಾದದ ಅವಧಿಯಲ್ಲಿ, ಅಂದರೆ ಹುರುಪು ಮಿತಿಮೀರಿ ಸಾಮಾನ್ಯವಾಗಿ 1 ವಾರಕ್ಕೂ ಹೆಚ್ಚು ಕಾಲ ಇರುವಾಗ, ಆತ ರಾತ್ರಿ 3 ತಾಸು ಮಲಗಿದರೂ ದಣಿಯುವುದಿಲ್ಲ. ಸಾಲ ಮಾಡಿ ಇನ್ನೆರಡು ಮಗ್ಗಗಳಿಗೆ ನೂಲು ತರುತ್ತಾನೆ, ನೇಯ್ದು ಮುಗಿಸಲಾಗದಷ್ಟು ಸೀರೆಗಳಿಗೆ ಮುಂಗಡ ಹಿಡಿಯುತ್ತಾನೆ, ತಡೆಯಲು ಬಂದ ಮನೆಯವರ ಮೇಲೆ ರೇಗುತ್ತಾನೆ. ಮುಂದೆ ಖಿನ್ನತೆ ಕವಿದಾಗ, ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ, ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕುವಷ್ಟು ಗಮನವೂ ನಿಲ್ಲುವುದಿಲ್ಲ, ಸ್ನಾನ ಮಾಡುವುದೂ ಭಾರವೆನಿಸುತ್ತದೆ. ಓಣಿಯವರು ಇದನ್ನು ಮೈಗಳ್ಳತನ ಎನ್ನುತ್ತಾರೆ, ಅದು ತಪ್ಪು.

ಇದರ ಹಿಂದೆ ನಿದ್ರೆ ಎಚ್ಚರಗಳ ಲಯವನ್ನು ನಡೆಸುವ ದೇಹದ ಒಳಗಡಿಯಾರದ ಪಾತ್ರ ದೊಡ್ಡದು: ನಿದ್ರೆ ಕೆಟ್ಟರೆ ಉನ್ಮಾದ ಕೆರಳಬಹುದು, ಉನ್ಮಾದ ಏರಿದಂತೆ ನಿದ್ರೆ ಮತ್ತಷ್ಟು ಕುಗ್ಗುತ್ತದೆ. ಆದ್ದರಿಂದಲೇ ಇಂಥವರಿಗೆ ರಾತ್ರಿ ಪಾಳಿಯ ಕೆಲಸ ಒಗ್ಗುವುದು ಕಷ್ಟ. ಏರಿಳಿತಗಳ ನಡುವಿನ ಸಮಸ್ಥಿತಿಯಲ್ಲಿ ಹಲವರು ಎಲ್ಲರಂತೆ ದುಡಿಯುತ್ತಾರೆ, ಆದರೆ ಕೆಲವರಿಗೆ ಆಗಲೂ ಮರೆವು ಉಳಿಯುತ್ತದೆ.

ಚಿಕಿತ್ಸೆಗೆ ಕೊಡುವ ಲಿಥಿಯಂ ಮಾತ್ರೆಯಿಂದ ಕೆಲವರ ಕೈ ಸಣ್ಣಗೆ ನಡುಗುತ್ತದೆ. ನೇಕಾರನಿಗೆ ಇದು ಸಣ್ಣ ಮಾತಲ್ಲವಾದರೂ, ಮಾತ್ರೆಯನ್ನು ತಾನಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿದರೆ, ಅವರು ರಕ್ತ ಪರೀಕ್ಷಿಸಿ ಪ್ರಮಾಣವನ್ನು ಹೊಂದಿಸಬಲ್ಲರು.