ಮಕ್ಕಳು ಬರೆದದ್ದು ಚರಿತ್ರೆಯಲ್ಲವೆ?

ಪತ್ರ: ‘ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಸ್ಕಾರ್‌ಬರೋ ಶಾಲೆಯ ಹುಡುಗಿಯೊಬ್ಬಳ ಯುದ್ಧದ ನೆನಪಿಗೆ ಎರಡು ಪುಟ ಕೊಟ್ಟಿದ್ದೀರಿ. ಹದಿನಾರರ ಹುಡುಗಿ ಗಾಬರಿಯಲ್ಲಿ ಬರೆದದ್ದು ಚರಿತ್ರೆ ಹೇಗಾದೀತು? ಮಲೆನಾಡಿನವರಿಗೆ ಆ ಕಡಲೂರಿನ ಗೊಡವೆ ಯಾಕೆ?’
– ನಿವೃತ್ತ ಮುಖ್ಯೋಪಾಧ್ಯಾಯರು, ಹೊಸನಗರ

ಉತ್ತರ: ಗಾಬರಿಯಲ್ಲಿ ಬರೆದರೆ ಲೆಕ್ಕ ತಪ್ಪುತ್ತದೆ, ಒಪ್ಪಿದೆ ಮೇಷ್ಟ್ರೇ. ಲೆಕ್ಕ ಇಡಲು ಬೇರೆಯವರಿದ್ದರು. 1914ರ ಡಿಸೆಂಬರ್ 16ರ ಬೆಳಿಗ್ಗೆ ಎಂಟರ ಹೊತ್ತಿಗೆ ಜರ್ಮನ್ ಯುದ್ಧನೌಕೆಗಳು ಸ್ಕಾರ್‌ಬರೋ ಮೇಲೆ ಗುಂಡು ಸುರಿದವು. ಹಾರ್ಟಲ್‌ಪೂಲ್, ವಿಟ್ಬಿ ಊರುಗಳೂ ಸೇರಿ ಸತ್ತವರು ನೂರಕ್ಕೂ ಹೆಚ್ಚು. ಸೈನ್ಯಕ್ಕೆ ಜನ ಸೇರಿಸಲು ‘ಸ್ಕಾರ್‌ಬರೋ ನೆನಪಿಡಿ’ ಎಂಬ ಭಿತ್ತಿಪತ್ರಗಳು ಗೋಡೆಗೋಡೆಗೂ ಬಂದವು. ಶಾಲೆ ಬಿಟ್ಟು, ದಿಕ್ಕೆಟ್ಟು ಓಡುವ ಜನರ ನಡುವೆ ಊರಾಚೆ ನಡೆದ ಹುಡುಗಿಯರು ಕಂಡದ್ದು ಆ ಭಿತ್ತಿಪತ್ರದಲ್ಲಿ ಎಲ್ಲಿತ್ತು? ಕ್ವೀನ್ ಮಾರ್ಗರೆಟ್ಸ್ ಶಾಲೆಯ ವಿನಿಫ್ರೆಡ್ ಹೋಲ್ಟ್‌ಬಿ ಅದನ್ನು ಬರೆದಳು. ಪತ್ರಿಕೆ ಅಚ್ಚು ಹಾಕಿತು. ಶಾಲೆ ಸ್ಕಾಟ್ಲೆಂಡಿನ ಪಿಟ್‌ಲಾಕ್ರಿಗೆ ಗುಳೆ ಹೋಯಿತು. ಮುಂದೆ ಕಾದಂಬರಿಗಾರ್ತಿಯಾಗಿ ಹೆಸರಾದ ಆಕೆ ಶಾಂತಿಯ ಪರವಾಗಿ ಊರೂರು ತಿರುಗಿ ಮಾತಾಡಿದಳು.

ಕಡಲು ನಮಗೆ ದೂರವೇ? ಅದೇ ವರ್ಷ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ಯುದ್ಧನೌಕೆ ಮದರಾಸಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ಅಲ್ಲಿನ ಶಾಲೆಯ ಮಕ್ಕಳು ಮಾರನೆಯ ದಿನ ಏನು ಮಾತಾಡಿಕೊಂಡರು? ಮದರಾಸು ಬಿಡಿ, ನಮ್ಮ ಶಿಕಾರಿಪುರ ತಾಲ್ಲೂಕಿನ ಈಸೂರು! 1942ರಲ್ಲಿ ಸ್ವತಂತ್ರವೆಂದು ಸಾರಿಕೊಂಡ ಊರಿಗೆ ಬಾಲಕರೇ ಅಮಲ್ದಾರ, ಬಾಲಕರೇ ಪೊಲೀಸ್ ಅಧಿಕಾರಿ. ಐವರನ್ನು ಗಲ್ಲಿಗೇರಿಸಿದ್ದು ಎಲ್ಲರ ಬಾಯಲ್ಲಿದೆ. ಅಮಲ್ದಾರ, ಪೊಲೀಸರಾದ ಆ ಹುಡುಗರ ಜೊತೆ ಮಗ್ಗಿ ಹೇಳಿದವರು ಕಂಡದ್ದನ್ನು ಯಾವ ಮೇಷ್ಟ್ರು ಬರೆಸಿಟ್ಟರು?

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಎತ್ತರ, ಅದರಿಂದಾದ ಕರೆಂಟು ಎಲ್ಲಕ್ಕೂ ಕಡತವಿದೆ. ಮುಳುಗಡೆ ಊರಿನ ಹುಡುಗನೊಬ್ಬ ನಡುವರ್ಷದಲ್ಲಿ ಟಿ.ಸಿ. ತಗೊಂಡು, ಗುರುತಿಲ್ಲದ ಶಾಲೆಯ ಕೊನೇ ಸಾಲಿನಲ್ಲಿ ಕೂತಾಗ ಅವನ ಎದೆಯಲ್ಲೇನಿತ್ತು? ಅವನ ಪ್ರಬಂಧದ ಪುಸ್ತಕಕ್ಕೆ ಕಡತದ ಯೋಗ್ಯತೆ ಇಲ್ಲವೆಂದವರು ನಾವೇ, ದೊಡ್ಡವರು. ಈಗ ಮಕ್ಕಳಿಲ್ಲವೆಂದು ಹಳ್ಳಿಹಳ್ಳಿಯ ಶಾಲೆಗೆ ಬೀಗ ಬೀಳುತ್ತಿದೆ. ಬೀರುವಿನಲ್ಲಿದ್ದ ಕೈಬರಹದ ಪತ್ರಿಕೆಗಳು, ಹಾಜರಿ ಪುಸ್ತಕಗಳು ಗುಜರಿಯವನ ತಕ್ಕಡಿಗೆ ಹೋಗುತ್ತಿವೆ. ಇದು ನನಗೆ ನಿದ್ದೆಗೆಡಿಸುವ ಸಂಗತಿ. ಜಿಲ್ಲೆಯ ಚರಿತ್ರೆ ಬರೆಯಲು ಸಮಿತಿಯ ಮೇಲೆ ಸಮಿತಿ ಮಾಡುವವರು ಒಮ್ಮೆ ಆ ಬೀರು ತೆಗೆದು ನೋಡಬಾರದೆ?

ಅಷ್ಟು ವರ್ಷ ಪಾಠ ಮಾಡಿದ ನೀವೇ ಮಕ್ಕಳ ಮಾತನ್ನು ತಳ್ಳಿಹಾಕಿದ್ದು ನನಗೆ ನೋವಾಯಿತು. ನಿಮ್ಮ ಅಟ್ಟದ ಮೇಲೆ ಹುಡುಗರ ಹಳೆಯ ಬರಹಗಳಿದ್ದರೆ ಕಳಿಸಿಕೊಡಿ. ಪ್ರಕಟಿಸಿ, ಮೂಲಪ್ರತಿಯನ್ನು ಜೋಪಾನವಾಗಿ ಹಿಂದಿರುಗಿಸುತ್ತೇವೆ.
– ಸಂ.