ಚಿತ್ರಕಲಾ ಪ್ರದರ್ಶನದ ಜೊತೆಗೆ ಪುಟ್ಟ ಪುಸ್ತಕ ಹೇಗೆ ಮಾಡೋದು?

ಕೊಪ್ಪಳದಲ್ಲಿ 12 ವಿದ್ಯಾರ್ಥಿಗಳು ಸೇರಿ ಪ್ರದರ್ಶನ ಇಡುತ್ತಿದ್ದೀರಿ, ಕಡಿಮೆ ಖರ್ಚಿನಲ್ಲಿ ಒಂದು ಪುಸ್ತಕವೂ ಬೇಕು ಅಂತ ಕೇಳಿದ್ದೀರಿ. ಮೊದಲು ಪುಟಗಳ ಲೆಕ್ಕ ಹಾಕಿ. ಎ4 ಹಾಳೆ ಮಡಚಿದರೆ ಎ5 ಅಳತೆಯ 4 ಪುಟ. ಹಾಗಾಗಿ ಮಧ್ಯೆ ಪಿನ್ ಹೊಡೆಯುವ ಪುಸ್ತಕಕ್ಕೆ 8, 12, 16 ಹೀಗೇ ಪುಟ ಇರಬೇಕು. ನಿಮಗೆ 16 ಸರಿಯಾಗುತ್ತದೆ: ತಲಾ ಒಂದರಂತೆ 12, ಹೊರಹಾಳೆಯ 4. ಮುನ್ನುಡಿ ಮುಖಪುಟದ ಒಳಬದಿಗೆ ಸಾಕು. ಗಣ್ಯರ ಸಂದೇಶಕ್ಕೆಲ್ಲ ಜಾಗ ಕೊಡಬೇಡಿ, ಸುಮ್ನೆ ಸ್ಮರಣ ಸಂಚಿಕೆ ಆಗಿಬಿಡುತ್ತದೆ.

ಜಾಸ್ತಿ ತಲೆನೋವು ಅಕ್ಷರದ್ದು. ನೀವು ಮೊಬೈಲಿನಲ್ಲಿ ಟೈಪ್ ಮಾಡೋದು ಯೂನಿಕೋಡ್, ಅಂದರೆ ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ. ಡಿಟಿಪಿ ಅಂಗಡಿಯವರು ಇನ್ನೂ ಪೇಜ್‌ಮೇಕರ್ (ಪುಟ ಜೋಡಿಸುವ ಹಳೆಯ ತಂತ್ರಾಂಶ), ಬೇರೆ ಸಂಕೇತದ ಹಳೆಯ ನುಡಿ ಫಾಂಟ್ ಬಳಸುತ್ತಿದ್ದರೆ ಅದು ನೇರವಾಗಿ ಕೂರುವುದಿಲ್ಲ. ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು. ‘ವರ್ಣ’, ‘ಕಿನ್ನಾಳ’ದಂಥ ಪದಗಳನ್ನು ಪ್ರೂಫ್‌ನಲ್ಲಿ (ಅಚ್ಚಿಗೆ ಮುಂಚೆ ತಿದ್ದಲು ಕೊಡುವ ಪ್ರತಿ) ಬೆರಳಿಟ್ಟು ಓದಿ. ಹೆಸರು ತಪ್ಪಾದರೆ ಗೆಳೆಯರು ಬಿಡ್ತಾರಾ?

ಕಲಾಕೃತಿಗಳ ಫೋಟೊಗಳನ್ನು ಹಗಲಿನ ನೆರಳಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ರ ಕುಗ್ಗುತ್ತದೆ. ಅಚ್ಚಿನ ಅಳತೆಯಲ್ಲಿ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ) ಇರಲಿ. ನಿಮ್ಮ ಜಿಲ್ಲೆಯ ಕಿನ್ನಾಳ ಊರಿನ ಮರದ ಗೊಂಬೆಯ ಹೊಳಪಿನ ಬಣ್ಣಗಳು ಪರದೆಯಲ್ಲಿ ಕಂಡಷ್ಟು ಕಾಗದದಲ್ಲಿ ಬರುವುದಿಲ್ಲ. ಒಂದು ಪುಟ ಮಾದರಿ ಅಚ್ಚು ಹಾಕಿಸಿ ನೋಡಿ. ಚಿತ್ರ ಅಂಚಿನವರೆಗೂ ಬರಬೇಕಾದರೆ ಚಿತ್ರವನ್ನೇ ಸುತ್ತ 3 ಮಿ.ಮೀ. ಅಂಚಿನಾಚೆ ಚಾಚಿ, ಕಟಿಂಗ್‌ಗೆ ಬೇಕು. ಪ್ರತಿ ಚಿತ್ರದ ಕೆಳಗೆ ಹೆಸರು, ಶೀರ್ಷಿಕೆ, ಮಾಧ್ಯಮ (ಜಲವರ್ಣ, ತೈಲವರ್ಣ ಹೀಗೆ), ಅಳತೆ, ವರ್ಷ ಒಂದೇ ಕ್ರಮದಲ್ಲಿ ಹಾಕಿ.