ಶೆಡ್ ಬಿಸಿ ಮಾಡಬೇಡಿ, ಬಕೆಟ್ ನೋಡಿಕೊಳ್ಳಿ

ಇಂಗ್ಲೆಂಡಿನ ಹಿತ್ತಲಲ್ಲಿ 8 ಅಡಿಗೆ 6 ಅಡಿಯ ಮರದ ಶೆಡ್. ಅದರಲ್ಲಿ ಬಿಯರ್ ಮಾಡಲು ಯಾವ ಹೀಟರ್ ಹಾಕಲಿ, ಗೋಡೆಗೆ ಎಷ್ಟು ದಪ್ಪದ ಇನ್ಸುಲೇಷನ್ ಬೇಕು ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ಎರಡನ್ನೂ ಮಾಡಿದವನು.

ನಾನಿರುವುದು ಲಿಂಕನ್ ಹತ್ತಿರ. 2021ರ ಅಕ್ಟೋಬರಿನಲ್ಲಿ ಶೆಡ್ಡಿನ ಒಳಗೋಡೆಗೆಲ್ಲ 50 ಮಿ.ಮೀ. ಫೋಮ್ ಬೋರ್ಡ್ ಬಡಿದೆ, ಅದರ ಮೇಲೆ ಪ್ಲೈವುಡ್. ಆಯಿಲ್ ರೇಡಿಯೇಟರ್ ತಂದು ಥರ್ಮೋಸ್ಟಾಟ್ ಜೋಡಿಸಿದೆ. ಅದರ ಸೆನ್ಸರನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ 20 ಡಿಗ್ರಿಗೆ ಇಟ್ಟೆ. ಬಿಯರ್ ಹುದುಗುವ 23 ಲೀಟರಿನ ಬಕೆಟ್ ಮೂಲೆಯಲ್ಲಿ, ರೇಡಿಯೇಟರ್ ಪಕ್ಕ. ಎರಡು ವಾರ ಬಿಟ್ಟು ರುಚಿ ನೋಡಿದರೆ ನೇಲ್ ಪಾಲಿಶ್ ಅಳಿಸುವ ದ್ರವದ ವಾಸನೆ. ಗಂಟಲಲ್ಲಿ ಉರಿ.

ಸೋಂಕು ತಗುಲಿದೆ ಅಂದುಕೊಂಡೆ. ಸ್ಯಾನಿಟೈಸರ್ ಬದಲಿಸಿದೆ. ಹೊಸ ಬಕೆಟ್, ಹೊಸ ನಲ್ಲಿ ತಂದೆ. ಎರಡನೇ ಸಲವೂ ಅದೇ ವಾಸನೆ. ಯೀಸ್ಟ್ ಹಳೆಯದಿರಬೇಕು ಅಂತ ಬೇರೆ ಕಡೆಯಿಂದ ತರಿಸಿದೆ. ಮೂರನೇ ಸಲವೂ ಅದೇ. ಒಟ್ಟು 69 ಲೀಟರ್ ಚರಂಡಿಗೆ ಸುರಿದೆ. ಪ್ರತಿ ಸಲವೂ ಇಡೀ ಶನಿವಾರ ನಿಂತು ಬೇಯಿಸಿದ್ದು ಅದು.

ನಾಲ್ಕನೇ ಸಲ ಬಕೆಟ್ಟಿನ ಮೈಗೇ ಥರ್ಮಾಮೀಟರ್ ಪಟ್ಟಿ ಅಂಟಿಸಿದೆ. ಬಾಗಿಲ ಬಳಿಯ ಸೆನ್ಸರಿನಲ್ಲಿ 20. ಬಕೆಟ್ಟಿನಲ್ಲಿ 27.

ಇದೊಂದನ್ನು ಸರಿಯಾಗಿ ತಿಳಿದುಕೊಳ್ಳಿ. ಯೀಸ್ಟ್ ಸಕ್ಕರೆ ತಿನ್ನುವಾಗ ತಾನೇ ಶಾಖ ಹುಟ್ಟಿಸುತ್ತದೆ. ಮೊದಲ ಎರಡು ಮೂರು ದಿನ ಹುದುಗು ಜೋರಾಗಿರುವಾಗ ಬಿಯರ್ ಸುತ್ತಲಿನ ಗಾಳಿಗಿಂತ 3ರಿಂದ 5 ಡಿಗ್ರಿ ಜಾಸ್ತಿ ಬಿಸಿ ಇರಬಹುದು. ನನ್ನ ಸೆನ್ಸರ್ ಬಾಗಿಲ ಸಂದಿಯ ತಣ್ಣನೆ ಗಾಳಿಯಲ್ಲಿ ತೂಗುತ್ತಿತ್ತು. ಅದಕ್ಕೆ ಚಳಿಯಾದಾಗಲೆಲ್ಲ ರೇಡಿಯೇಟರ್ ಶುರುವಾಗುತ್ತಿತ್ತು. ಬಿಸಿಯೇರುತ್ತಿದ್ದುದು ಮಾತ್ರ ಪಕ್ಕದ ಬಕೆಟ್. ಅಷ್ಟು ದುಡ್ಡು ಸುರಿದು ಬಡಿದ ಫೋಮ್ ಆ ಬಿಸಿಯನ್ನು ಹೊರಗೆ ಬಿಡುತ್ತಿರಲಿಲ್ಲ. ಏಲ್ ಎಂಬ ಬಗೆಯ ಬಿಯರಿಗೆ ಬಳಸುವ ಸಾಮಾನ್ಯ ಇಂಗ್ಲಿಷ್ ಯೀಸ್ಟಿಗೆ ಮೊದಲ ದಿನಗಳಲ್ಲಿ 18ರಿಂದ 20 ಡಿಗ್ರಿ ಸಾಕು. ತೀರಾ ಬಿಸಿಯಾದರೆ ಗಂಟಲು ಉರಿಸುವ ಫ್ಯೂಸೆಲ್ ಆಲ್ಕೋಹಾಲ್ ಹುಟ್ಟುತ್ತದೆ, ಎಸ್ಟರ್ ಎಂಬ ಕಟು ವಾಸನೆಯ ರಾಸಾಯನಿಕ ಹುಟ್ಟುತ್ತದೆ. ಆಮೇಲೆ ಬಾಟಲಿಯಲ್ಲಿ ತಿಂಗಳುಗಟ್ಟಲೆ ಇಟ್ಟರೂ ಆ ಬಿಯರ್ ಸರಿಹೋಗುವುದು ಕಷ್ಟ. ಹಾಸನದ ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬಲಿಲ್ಲ ಅಂದರೆ ಅಮ್ಮ ಕಂಬಳಿ ಸುತ್ತುತ್ತಿದ್ದುದು ಪಾತ್ರೆಗೆ. ಕೈಯಿಟ್ಟು ನೋಡುತ್ತಿದ್ದುದೂ ಪಾತ್ರೆಯನ್ನೇ.

ಈಗ ನನ್ನ ಶೆಡ್ಡಿನಲ್ಲಿ ಯಾರೋ ಬಿಟ್ಟುಕೊಟ್ಟ ಹಳೇ ಫ್ರಿಜ್ ಇದೆ. ಫ್ರೀಜರ್ ಖಾನೆ ಇಲ್ಲದ್ದು. ಎರಡು ಸಾಕೆಟ್ ಇರುವ ಇಂಕ್‌ಬರ್ಡ್ ಕಂಟ್ರೋಲರ್ ಒಂದು, ಸೆನ್ಸರ್ ನೋಡಿಕೊಂಡು ಸಾಕೆಟ್ ಆನ್ ಆಫ್ ಮಾಡುವ ಪೆಟ್ಟಿಗೆ. ತಂಪಿನ ಸಾಕೆಟ್ಟಿಗೆ ಫ್ರಿಜ್, ಬಿಸಿಯ ಸಾಕೆಟ್ಟಿಗೆ ಚಿಕ್ಕ ಟ್ಯೂಬ್ ಹೀಟರ್. ಸೆನ್ಸರನ್ನು ಬಕೆಟ್ಟಿನ ಮೈಗೆ, ಬಿಯರ್ ಮಟ್ಟಕ್ಕಿಂತ ಕೆಳಗೆ ಟೇಪ್ ಹಾಕಿ, ಮೇಲೆ ಒಂದು ತುಂಡು ಫೋಮ್ ಮುಚ್ಚಿ. ಮೊದಲ ನಾಲ್ಕು ದಿನ 18, ಆಮೇಲೆ 20. ಇಷ್ಟೇ. 2022ರ ಜುಲೈ 19ರಂದು ಇಲ್ಲೇ ಲಿಂಕನ್‌ಶೈರಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಬಿಸಿಲು ದಾಖಲಾಯಿತಲ್ಲ, ಆವತ್ತೂ ನನ್ನ ಬಿಯರ್ 19 ದಾಟಲಿಲ್ಲ. ಹೀಟರ್ ಇದ್ದು ಆ ದಿನ ಏನು ಪ್ರಯೋಜನ?

ಕುದಿಸುವುದನ್ನು ಶೆಡ್ಡಿನ ಒಳಗೆ ಮಾಡಲೇಬೇಡಿ. ಒಂದು ಗಂಟೆ ಕುದಿಸಿದರೆ ಮೂರು ಲೀಟರಿನಷ್ಟು ನೀರು ಆವಿಯಾಗಿ ಮರಕ್ಕೆ ಕೂರುತ್ತದೆ, ಬೂಷ್ಟು ಹಿಡಿಯುತ್ತದೆ. ಹೊರಗೆ ಕುದಿಸಿ. ಕರೆಂಟಿಗೆ ಸುಮ್ನೆ ಎಕ್ಸ್‌ಟೆನ್ಷನ್ ಎಳೆಯಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಪ್ರತ್ಯೇಕ ಲೈನ್ ಹಾಕಿಸಿ. ಫೋಮಿಗೆ ಎತ್ತಿಟ್ಟ ದುಡ್ಡು ಇಲ್ಲಿಗೆ ಹೋಗಲಿ. ಲೈಸೆನ್ಸ್ ಬೇಕಾ ಅಂತಲೂ ಕೇಳಿದ್ದೀರಿ. ಬ್ರಿಟನ್ನಿನಲ್ಲಿ 1963ರಲ್ಲೇ ಅದನ್ನು ತೆಗೆದರು. ಮನೆಗೆ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ.

ಫ್ರಿಜ್ ನೋಡಲು ಹೋಗುವಾಗ ಖಾಲಿ ಬಕೆಟ್ ಜೊತೆಗೇ ಒಯ್ಯಿರಿ, ಮುಚ್ಚಳ ಮತ್ತು ಏರ್‌ಲಾಕ್ (ಹುದುಗಿನ ಗಾಳಿ ಹೊರಬಿಡುವ ಚಿಕ್ಕ ಕೊಳವೆ) ಸಮೇತ. ತುಂಬಾ ಫ್ರಿಜ್‌ಗಳಲ್ಲಿ ಹಿಂದುಗಡೆ ಕೆಳಗೆ ಕಂಪ್ರೆಸರಿಗಾಗಿ ಮೆಟ್ಟಿಲಿನಂಥ ಉಬ್ಬು ಇರುತ್ತದೆ. ಬಕೆಟ್ ಒಳಗಿಟ್ಟು ಬಾಗಿಲು ಪೂರ್ತಿ ಮುಚ್ಚುತ್ತಾ ನೋಡಿ, ಆಮೇಲೆ ದುಡ್ಡು ಕೊಡಿ.